ಹಗ್ಗದ ತುದಿಯಲ್ಲಿ ತೆನೆಹಬ್ಬ

ಉರ್ವ

ಐರ್ಲೆಂಡಿಗೆ ಹೋಗಿ ಬಂದವನನ್ನು ಉರ್ವ ಮಾರ್ಕೆಟಿನಲ್ಲಿ ಕಂಡವರೆಲ್ಲ ಚಳಿಯ ಬಗ್ಗೆ ಕೇಳುತ್ತಾರೆ. ಚಳಿಯ ಬಗ್ಗೆ ನನಗೆ ಹೇಳಲಿಕ್ಕೆ ಹೆಚ್ಚೇನೂ ಇಲ್ಲ. ಹಗ್ಗದ ಬಗ್ಗೆ ಇದೆ. ಹೆಬ್ಬೆರಳಿನಷ್ಟು ದಪ್ಪದ, ನೀಲಿ ಬಣ್ಣದ ಒಂದು ಹಗ್ಗ. ಅದರ ಒಂದು ತುದಿಯನ್ನು ನನ್ನ ತಂಗಿಯ ಗಂಡನ ಹಾಯಿದೋಣಿಗೆ ಕಟ್ಟಿತ್ತು. ಇನ್ನೊಂದು ತುದಿಯಲ್ಲಿ ಏನೇನಿತ್ತು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಮಂಗಳೂರಿನ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿದ್ದೆ. ಸಾಕ್ಷಿ ಹೇಳಿದ್ದನ್ನು ಹೇಳಿದಷ್ಟೇ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು. ಈಗ ನಾನೇ ಸಾಕ್ಷಿ. ಅಲ್ಲಲ್ಲಿ ಅಳತೆ ಹೆಚ್ಚು ಕಡಿಮೆಯಾದರೆ ಅದಕ್ಕೆ ಕಾರಣ ಅಲೆ. ಆ ಪ್ರವಾಸದ ನಂತರ ನಾನು ಪಡೀಲಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂರುವುದನ್ನು ಬಿಟ್ಟಿದ್ದೇನೆ ಎಂಬುದನ್ನೂ ದಾಖಲೆಗೆ ಸೇರಿಸಬಹುದು.

ತಂಗಿ ಲಿಲ್ಲಿ ಅಲ್ಲಿ ನರ್ಸ್ ಆಗಿ ಇಪ್ಪತ್ತೆರಡು ವರ್ಷ ಕಳೆದಿದ್ದಾಳೆ. ಅವಳ ಗಂಡ ವಿಲ್ಫ್ರೆಡ್ ಅದೇ ಆಸ್ಪತ್ರೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದಾನೆ. ಅವನು ವಾಮಂಜೂರಿನವನು. ಅಲ್ಲಿ ಹುಟ್ಟಿ ಬೆಳೆದವನಿಗೆ ನೀರು ಎಂದರೆ ಗದ್ದೆಯ ನೀರು, ಮೊಣಕಾಲಿನವರೆಗೆ. ಅಂಥವನು ಐವತ್ತನೆಯ ವಯಸ್ಸಿನಲ್ಲಿ ಒಂದು ಹಳೆಯ ಹಾಯಿದೋಣಿ ಮಾಡಿಕೊಂಡ. ಅದರ ಬೆನ್ನಿಗೆ ಕನ್ನಡದಲ್ಲಿ ‘ನೇತ್ರಾವತಿ’ ಎಂದು ಸ್ವತಃ ಪೇಂಟ್ ಹೊಡೆದ. ಊರಿನ ಐರಿಷ್ ಜನ ಅದನ್ನು ಯಾವುದೋ ಒಳ್ಳೆಯ ಚಿತ್ತಾರ ಎಂದು ತಿಳಿದಿದ್ದಾರೆ.

ಮನೆಯಲ್ಲಿ ನಾವು ಆಡುವುದು ಕೊಂಕಣಿ. ಇಲ್ಲಿ ಅದನ್ನು ನಮ್ಮ ಮಂಗಳೂರಿನ ಕನ್ನಡಕ್ಕೆ ಇಳಿಸಿದ್ದೇನೆ. ಮೂವತ್ತೊಂದು ವರ್ಷ ಮಾಡಿದ್ದೂ ಅದನ್ನೇ.

ಲಿಲ್ಲಿಯ ಅಡುಗೆಮನೆ

ಅವರಿರುವುದು ದಕ್ಷಿಣ ಕರಾವಳಿಯ ಒಂದು ಸಣ್ಣ ಊರು. ಅಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಡ್ರೈವರೂ ಎಲ್ಲರಿಗೂ ತಲೆ ಆಡಿಸುತ್ತಾನೆ. ನಮ್ಮಲ್ಲಿ ಇಳಿಯುವವನ ಎರಡನೆಯ ಕಾಲು ನೆಲ ಮುಟ್ಟುವ ಮೊದಲೇ ಕಂಡಕ್ಟರ್ ರೈಟ್ ಎಂದಿರುತ್ತಾನೆ. ಥ್ಯಾಂಕ್ಸ್ ಹೇಳಿದರೂ ಅದು ಹಿಂದಿನ ಬಸ್ಸಿನವನಿಗೆ ಸೇರೀತು. ಮಳೆ ಬರುವಾಗ ಅಲ್ಲಿಯವರು ಒಳ್ಳೆಯ ದಿನ ಎನ್ನುತ್ತಾರೆ. ನಿಂತಾಗಲೂ ಒಳ್ಳೆಯ ದಿನವೇ. ಬೇರೆ ಮಾತು ಯಾವಾಗ ಬರುತ್ತದೆ ಎಂದು ನಾನು ಮೂರು ವಾರ ಕಾದೆ. ಬರಲಿಲ್ಲ.

ನಾನು ಹೋದದ್ದು ಮೊಂತಿ ಹಬ್ಬಕ್ಕೆ. ಮೇರಿ ಮಾತೆಯ ಹುಟ್ಟುಹಬ್ಬ, ನಮಗೆ ತೆನೆಹಬ್ಬವೂ ಹೌದು. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಮಾಂಸ ಮೀನು ಯಾವುದೂ ಇಲ್ಲದೆ ಎಲೆ ಹಾಕಿ ಉಣ್ಣುವ ದಿನ ಅದೊಂದೇ. ಊಟಕ್ಕೆ ಕೂರುವ ಮೊದಲು ಹೊಸ ತೆನೆಯ ಕಾಳನ್ನು ತೆಂಗಿನ ಹಾಲಿಗೆ ಹಾಕಿ ಮನೆಯವರೆಲ್ಲ ಒಂದೊಂದು ಗುಟುಕು ಕುಡಿಯಬೇಕು. ಅಲ್ಲಿ ಭತ್ತ ಬೆಳೆಯುವುದಿಲ್ಲವಾದ್ದರಿಂದ ಲಿಲ್ಲಿ ಪಕ್ಕದ ಹೊಲದವರಿಂದ ಓಟ್ಸಿನ ತೆನೆ ತಂದು, ಪಾದ್ರಿಗಳಿಂದ ಆಶೀರ್ವಾದ ಮಾಡಿಸಿ, ಫ್ರಿಜ್ಜಿನ ಮೇಲೆ ಇಟ್ಟಿದ್ದಳು.

ಇನ್ನೊಂದು ನಿಯಮ ಇದೆ. ಎಲೆಗೆ ಬಡಿಸುವ ತರಕಾರಿ ಪದಾರ್ಥಗಳ ಲೆಕ್ಕ ಬೆಸ ಇರಬೇಕು. ಮೂರು, ಐದು, ಏಳು. ಸಮ ಆಗಲೇ ಕೂಡದು. ಏಕೆ ಎಂದು ನಮ್ಮ ತಾಯಿಯನ್ನು ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ ಸೌಟು ತೋರಿಸಿದ್ದರು. ಆಮೇಲೆ ಯಾರೂ ಕೇಳಲಿಲ್ಲ.

ಆ ವರ್ಷ ಲಿಲ್ಲಿ ಏಳು ಮಾಡಿದಳು. ಬೆಂಡೆ, ಅಲಸಂಡೆ, ಹೀರೆ, ತೊಂಡೆ-ಕಡಲೆ, ಕೆಸುವಿನ ದಂಟು, ಸಿಹಿಕುಂಬಳ, ಮಂಗಳೂರು ಸೌತೆ. ಸುತ್ತಲಿನ ಊರುಗಳ ಮಂಗಳೂರಿನ ನರ್ಸುಗಳು ಹದಿನಾಲ್ಕು ಮಂದಿ ಒಂದೇ ಶನಿವಾರ ರಜೆ ಹೊಂದಿಸಿಕೊಂಡು, ಕೊಲ್ಲಿಯಾಚೆಗಿನ ದ್ವೀಪದ ಒಂದು ಹಾಲ್‌ನಲ್ಲಿ ಸೇರುವುದು ವಾಡಿಕೆ. ಅನ್ನ, ಪಾಯಸ ಅಲ್ಲೇ ಬೇಯುತ್ತದೆ. ಪದಾರ್ಥ ಲಿಲ್ಲಿಯದ್ದು.

ತೊಡಕು ಇದ್ದದ್ದು ಸಾಗಣೆಯಲ್ಲಿ. ಹಿಂದಿನ ವರ್ಷ ವಿಲ್ಫ್ರೆಡ್ ನೇತ್ರಾವತಿಯಲ್ಲಿ ಪದಾರ್ಥ ಒಯ್ಯುತ್ತೇನೆಂದು ಹೊರಟಿದ್ದ. ಗಾಳಿಗೆ ದೋಣಿ ವಾಲಿತು, ಹೀರೆಕಾಯಿ ತಪ್ಪಲೆ ಮಗುಚಿ ರುಬ್ಬಿ ಹಾಕಿದ ತೆಂಗಿನಕಾಯಿಯ ಅರಪ್ಪು ಹಲಗೆಯ ಸಂದಿಗಳಿಗೆಲ್ಲ ಇಳಿಯಿತು. ಚಳಿಗಾಲ ಪೂರ್ತಿ ದೋಣಿ ಹುಳಿ ವಾಸನೆ ಹೊಡೆಯಿತಂತೆ. ಈ ವರ್ಷ ಎಲ್ಲವನ್ನೂ ಫೆರಿಯಲ್ಲಿ ತಾನೇ ಒಯ್ಯುವುದೆಂದು ಲಿಲ್ಲಿ ತೀರ್ಮಾನಿಸಿದ್ದಳು. ವಿಲ್ಫ್ರೆಡ್ ಒಂದು ವಾರ ಅವಳ ಹಿಂದೆ ಮುಂದೆ ಸುತ್ತಿ ಇನ್ನೊಂದು ಅವಕಾಶ ಬೇಡಿದ. ಕೊನೆಗೆ ಅವಳು ಒಪ್ಪಿದ್ದು ನನ್ನೆದುರಿನಲ್ಲೇ.

“ತಕೊಂಡು ಹೋಗು ವಿಲ್ಲಿ. ಆದ್ರೆ ಒಂದು ಹನಿ ಚೆಲ್ಲಿದ್ರೆ ಈ ದೋಣಿ ಮಾರುವ. ನನ್ನ ಅಣ್ಣನನ್ನು ಜೊತೆಗೆ ಕಳಿಸ್ತೇನೆ. ಅವನು ಸುಳ್ಳು ಹೇಳುವ ಜನ ಅಲ್ಲ.”

ವಿಲ್ಫ್ರೆಡ್ ನನ್ನನ್ನು ನೋಡಿದ ನೋಟದಲ್ಲಿ ಅಷ್ಟೇನೂ ಪ್ರೀತಿ ಇರಲಿಲ್ಲ.

ಜೆಟ್ಟಿ

ಲಿಲ್ಲಿ ಮತ್ತು ಉಳಿದವರು ಬೆಳಗ್ಗಿನ ಫೆರಿಗೆ ಹೋದರು. ನಾವು ಏಳು ಪದಾರ್ಥಗಳೊಂದಿಗೆ ಜೆಟ್ಟಿಗೆ ಬಂದೆವು. ಆರು ಮುಚ್ಚಳ ಬಿಗಿಯುವ ತಪ್ಪಲೆಗಳಲ್ಲಿದ್ದವು. ಸೌತೆ ಮಾತ್ರ ಬಡಿಸುವ ಸ್ಟೀಲ್ ಬಾಲ್ದಿಯಲ್ಲಿತ್ತು, ಮೇಲೆ ತಟ್ಟೆ ಮುಚ್ಚಿ ಬಟ್ಟೆ ಕಟ್ಟಿತ್ತು.

ನೇತ್ರಾವತಿಯ ಹಿಂದೆ ಒಂದು ಪುಟ್ಟ ದೋಣಿ ಇತ್ತು. ದೊಡ್ಡ ದೋಣಿ ದಡದವರೆಗೆ ಬರಲಾಗದ ಕಡೆ ಅದರಲ್ಲಿ ಕೂತು ಹುಟ್ಟು ಹಾಕಿ ದಡ ಸೇರುವುದು. ಮನೆಯಲ್ಲಿ ಅದಕ್ಕೆ ‘ಬಾಲ’ ಎಂದು ಹೆಸರು. ವಿಲ್ಫ್ರೆಡ್ ಪಾತ್ರೆಗಳನ್ನು ಒಂದೊಂದಾಗಿ ಬಾಲಕ್ಕೆ ಇಳಿಸತೊಡಗಿದಾಗ ನಾನು ಕಾರಣ ಕೇಳಿದೆ.

ಅವನು ಒಂದು ವರ್ಷ ಯೋಚಿಸಿದ್ದನಂತೆ. ಗಾಳಿಗೆ ವಾಲುವುದು ಹಾಯಿ ಇರುವ ದೋಣಿ. ಬಾಲಕ್ಕೆ ಹಾಯಿ ಇಲ್ಲ. ಹಾಯಿ ಇಲ್ಲದ್ದು ವಾಲುವುದಿಲ್ಲ. ವಾಲದಿದ್ದರೆ ಚೆಲ್ಲುವುದಿಲ್ಲ. ಕೋರ್ಟಿನಲ್ಲಿ ಇಂಥ ವಾದವನ್ನು ನಾನು ಬಹಳ ಕೇಳಿದ್ದೇನೆ. ಎಲ್ಲ ಮೆಟ್ಟಿಲೂ ಗಟ್ಟಿ ಇರುತ್ತದೆ, ಮನೆಯೇ ಇರುವುದಿಲ್ಲ. ಆದರೆ ಸಮುದ್ರದ ವಿಷಯದಲ್ಲಿ ನನಗೆ ಅಧಿಕಾರವಿಲ್ಲದ್ದರಿಂದ ಮುಂದಿನ ತಪ್ಪಲೆ ಎತ್ತಿ ಕೊಟ್ಟೆ.

ಪಾತ್ರೆಗಳನ್ನು ಅವನು ಬಾಲದ ಮುಂಭಾಗದಲ್ಲಿ ಒತ್ತಾಗಿ ಇಟ್ಟು, ಸೈಕಲ್ ಟ್ಯೂಬಿನಿಂದ ಬಿಗಿದ. ನಮ್ಮಲ್ಲಿ ಸ್ಕೂಟರಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟುವ ಕ್ರಮ. ಕಟ್ಟು ಚೆನ್ನಾಗಿತ್ತು, ಅದನ್ನು ಒಪ್ಪಬೇಕು.

ಜೆಟ್ಟಿಯ ಕಟ್ಟೆಯಲ್ಲಿ ಮಾರ್ಟಿನ್ ಎಂಬ ವೃದ್ಧ ಕೂತಿದ್ದ. ಅರವತ್ತು ವರ್ಷ ಮೀನು ಹಿಡಿದವನು. ಅವನು ಬಾಲವನ್ನು ನೋಡಿ, ಅದು ಊಟವೋ ಎಂದು ಕೇಳಿದ. ಊಟವೇ ಎಂದ ವಿಲ್ಫ್ರೆಡ್. ಒಳ್ಳೆಯ ದಿನ ಎಂದ ಮಾರ್ಟಿನ್. ಪೈಪಿಗೆ ತಂಬಾಕು ತುಂಬುತ್ತ, ಹಿಂದೆ ಎಳೆಯುವ ದೋಣಿಯಲ್ಲಿ ಹುಟ್ಟುಗಳನ್ನು ಹಾಗೇ ಬಿಟ್ಟು ಹೊರಟ ಒಬ್ಬನನ್ನು ತಾನು ಬಲ್ಲೆ ಎಂದ.

“ಅವನಿಗೆ ಏನಾಯಿತು?” ಎಂದು ನಾನು ಕೇಳಿದೆ.

“ತುಂಬ ಚಂದದ ಹುಟ್ಟುಗಳು ಅವು,” ಎಂದು ಮಾರ್ಟಿನ್ ಪೈಪು ಹಚ್ಚಿದ.

ಆ ಊರಿನವರು ಬೇಡ ಎಂಬ ಮಾತನ್ನು ಬಾಯಲ್ಲಿ ಹೇಳುವುದಿಲ್ಲ, ಬೇರೆಯವನೊಬ್ಬನ ಕಥೆ ಹೇಳುತ್ತಾರೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಇಪ್ಪತ್ತೆರಡು ವರ್ಷ ಅಲ್ಲಿದ್ದ ವಿಲ್ಫ್ರೆಡ್‌ಗೆ ತಿಳಿಯಬೇಕಿತ್ತು. ಅವನು ಹುಟ್ಟುಗಳನ್ನು ಮಾತ್ರ ತೆಗೆದು ನೇತ್ರಾವತಿಯೊಳಗೆ ಇಟ್ಟ. ಪದಾರ್ಥಗಳನ್ನು ಬಿಟ್ಟ. ಕಥೆಯಲ್ಲಿ ಪದಾರ್ಥ ಬಂದಿರಲಿಲ್ಲವಲ್ಲ.

ಕೊಲ್ಲಿ

ಮೊದಲ ಅರ್ಧ ಗಂಟೆ ಎಲ್ಲ ಸರಿಯಿತ್ತು. ಗಾಳಿ ಬದಿಯಿಂದ ಬೀಸಿ ನೇತ್ರಾವತಿ ವಾಲಿತು, ಬಾಲ ವಾಲಲಿಲ್ಲ. ವಿಲ್ಫ್ರೆಡ್ ಚುಕ್ಕಾಣಿ ಹಿಡಿದು ಹಾಡು ಗುನುಗಿದ. ಹಗ್ಗದ ಉದ್ದ ಹೇಗಿರಬೇಕು ಎಂದೂ ನನಗೆ ಹೇಳಿಕೊಟ್ಟ. ದೋಣಿ ಹೋದ ದಾರಿಯಲ್ಲಿ ಹಿಂದೆ ಅಲೆ ಏಳುತ್ತದೆ. ಒಂದನೆಯದು, ಎರಡನೆಯದು. ಎಳೆಯುವ ದೋಣಿ ಎರಡನೆಯ ಅಲೆಯ ಬೆನ್ನಿನ ಮೇಲೆ ಕೂರುವ ಹಾಗೆ ಹಗ್ಗ ಬಿಡಬೇಕು. ಗಿಡ್ಡ ಮಾಡಿದರೆ ಬಂದು ಗುದ್ದುತ್ತದೆ, ಸಡಿಲ ಬಿಟ್ಟರೆ ಹಗ್ಗ ಮುಳುಗಿ ದೋಣಿಯಡಿಯ ಎಂಜಿನ್ನಿನ ಫ್ಯಾನಿಗೆ ಸುತ್ತುತ್ತದೆ. ಇದೆಲ್ಲ ಅವನಿಗೆ ಗೊತ್ತಿತ್ತು. ಅದಕ್ಕೇ ನನಗೆ ಇಂದಿಗೂ ಆಶ್ಚರ್ಯ.

ಆಮೇಲೆ ಬಾಲ ಓಲಾಡತೊಡಗಿತು. ಸಂತೆಗೆ ಹೋಗಲು ಮನಸ್ಸಿಲ್ಲದ ಆಡಿನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಿತು. ಪಾತ್ರೆಗಳ ಭಾರ ಮುಂದಿದ್ದುದರಿಂದ ಮೂತಿ ನೀರಿಗೆ ಚುಚ್ಚಿ, ಪ್ರತಿ ಸಲ ಒಂದಿಷ್ಟು ಸಮುದ್ರ ಒಳಗೆ ಬಂತು. ಬೆಂಡೆಯ ತಪ್ಪಲೆಯ ಬುಡ ನೀರಿನಲ್ಲಿ ನಿಂತಿತು.

ವಿಲ್ಫ್ರೆಡ್ ಹಾಡು ನಿಲ್ಲಿಸಿದ. ಒಂದು ನಿಮಿಷ ಯೋಚಿಸಿ, “ಬಾವ, ಹಿಂದಿನ ಹಲಗೆಯಲ್ಲಿ ಸ್ವಲ್ಪ ಭಾರ ಬೇಕು,” ಎಂದ.

ಯಾವ ಭಾರ ಎಂದು ನಾನು ಕೇಳಿದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ದೋಣಿಯಲ್ಲಿ ಭಾರ ಎಂದು ಕರೆಯಬಹುದಾದದ್ದು ಬೇರೆ ಇರಲಿಲ್ಲ.

“ನಾನು ಚುಕ್ಕಾಣಿ ಬಿಡ್ಲಿಕ್ಕೆ ಆಗುದಿಲ್ಲ. ನೀವು ಅಲ್ಲಿ ಕೂತ್ರೆ ಮೂತಿ ಮೇಲೆ ಬರ್ತದೆ. ಹತ್ತು ನಿಮಿಷದ್ದು ಬಾವ.”

ನಾನು ಏಕೆ ಒಪ್ಪಿದೆ ಎಂದು ಆಮೇಲೆ ಹಲವರು ಕೇಳಿದ್ದಾರೆ. ನಿಜ ಹೇಳಬೇಕೆಂದರೆ, ಅವನ ಮುಖ. ನಾಲ್ಕು ವರ್ಷ ಭಾನುವಾರಗಳನ್ನೆಲ್ಲ ಆ ದೋಣಿಯ ಹಲಗೆ ಉಜ್ಜುತ್ತ ಕಳೆದ ಮನುಷ್ಯ. ಹನಿ ಚೆಲ್ಲಿದರೆ ಅದು ಹೋಗುತ್ತದೆ. ಅವನು ಹಾಯಿ ಸಡಿಲಿಸಿ ವೇಗ ಇಳಿಸಿ, ಹಗ್ಗ ಎಳೆದು ಬಾಲವನ್ನು ಹತ್ತಿರ ತಂದ. ನಾನು ಮೊದಲು ಬಲಗಾಲು, ಆಮೇಲೆ ಬಹಳ ಹೊತ್ತಿನ ನಂತರ ಎಡಗಾಲು ಇಟ್ಟೆ. ಮೈಮೇಲೆ ಲೈಫ್ ಜಾಕೆಟ್ ಇತ್ತು. ಹಗ್ಗ ಮತ್ತೆ ಉದ್ದವಾಯಿತು. ನೇತ್ರಾವತಿ ನನ್ನಿಂದ ದೂರ ಹೋಯಿತು, ನಾನು ಅದರ ಹಿಂದೆ ಹೋದೆ.

ಮೂತಿ ಮೇಲೆ ಬಂತು. ಓಲಾಟ ಕಡಿಮೆಯಾಯಿತು. ವಿಲ್ಫ್ರೆಡ್ ಹೆಬ್ಬೆರಳು ಎತ್ತಿ ತೋರಿಸಿದ.

ದ್ವೀಪದ ಕಡೆಗೆ ತಿರುಗಿದ್ದು ಆಗ. ಗಾಳಿಯೂ ಅಲೆಯೂ ನಮ್ಮ ಬೆನ್ನಿಗೆ ಬಂದವು. ಇದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಆದದ್ದು ಬೇಗ. ಹಿಂದಿನಿಂದ ಒಂದು ಅಲೆ ಬಂದು ಬಾಲವನ್ನು ಎತ್ತಿತು. ಬಾಲ ಅದರ ಮೇಲಿನಿಂದ ಜಾರಿತು, ಜಾರುಬಂಡೆಯಿಂದ ಜಾರಿದಂತೆ. ಹಗ್ಗ ಸಡಿಲವಾಗಿ ನೀರಿಗೆ ಬಿತ್ತು. ನೇತ್ರಾವತಿಯ ಬೆನ್ನು ನನ್ನ ಕಡೆ ಬಂತು. ಮೊದಲು ಹೆಸರು ಪೂರ್ತಿ ಓದಲು ಸಿಕ್ಕಿತು. ಆಮೇಲೆ ‘ತ್ರಾ’ ಮಾತ್ರ ಕಂಡಿತು. ಅಕ್ಷರದ ಒತ್ತಿನಲ್ಲಿ ಪೇಂಟ್ ಇಳಿದು ಒಣಗಿದ ಒಂದು ಹನಿಯೂ ಕಂಡಿತು. ನಾನು ಕಾಲು ಚಾಚಿ ಒದ್ದೆ. ನನ್ನ ಎಡಗಾಲಿನ ಚಪ್ಪಲಿ ಕೊಲ್ಲಿಗೆ ಹೋಯಿತು. ಅಲೆ ಮುಂದೆ ಹೋಯಿತು, ಹಗ್ಗ ಬಿಗಿಯಾಗಿ ಬಾಲವನ್ನು ಜಗ್ಗಿತು, ನಾನು ಕುಂಬಳದ ತಪ್ಪಲೆಯನ್ನು ತಬ್ಬಿಕೊಂಡು ಬಿದ್ದೆ.

ಎರಡನೆಯ ಅಲೆಗೂ ಹೀಗೆಯೇ ಆಯಿತು. ಮೂರನೆಯದಕ್ಕೆ ನಾನು ಕಣ್ಣು ಮುಚ್ಚಿದ್ದರಿಂದ ಆ ಬಗ್ಗೆ ಹೇಳಿಕೆ ಇಲ್ಲ. ಮಡಿಲಲ್ಲಿ ನೀರಿತ್ತು. ಇಲ್ಲಿ ಮುಳುಗಿದರೆ ತಂಗಿಗೆ ಯಾರು ಹೇಳುತ್ತಾರೆ, ಯಾವ ಮಾತಿನಲ್ಲಿ ಹೇಳುತ್ತಾರೆ ಎಂದು ಯೋಚಿಸಿದ್ದು ನೆನಪಿದೆ.

ವಿಲ್ಫ್ರೆಡ್ ಹಾಯಿ ಇಳಿಸಿದ, ಹಗ್ಗ ಇನ್ನೂ ಉದ್ದ ಬಿಟ್ಟ, ಬಾಯಿಗೆ ಕೈ ಹಿಡಿದು ಕೂಗಿದ. “ಬಾವ, ಹಿಂದಿನಿಂದ ಎಂತಾದ್ರೂ ಕಟ್ಟಿ ನೀರಿಗೆ ಬಿಡಿ. ಬ್ರೇಕಿನ ಹಾಗೆ. ಬಾಲ್ದಿ ಬಿಡಿ, ಬಾಲ್ದಿ.”

ಬಾಲ್ದಿಯಲ್ಲಿ ಸೌತೆ ಇತ್ತು. ಸಮುದ್ರಕ್ಕೆ ಸುರಿದರೆ ಅದು ಚೆಲ್ಲಿದ್ದೇ ಆಗುತ್ತದೆ, ಅದರಲ್ಲಿ ಎರಡು ಅಭಿಪ್ರಾಯ ಇಲ್ಲ. ಕುಂಬಳದ ತಪ್ಪಲೆ ಅರ್ಧ ಮಾತ್ರ ತುಂಬಿತ್ತು. ನಾನು ಎರಡು ಅಲೆಗಳ ನಡುವೆ ಅದರ ಮುಚ್ಚಳ ತೆಗೆದು, ಎದೆಗೆ ಒತ್ತಿ ಹಿಡಿದು, ಸೌತೆಯನ್ನು ಅದಕ್ಕೆ ಸುರಿದೆ. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಮುಚ್ಚಳ ಬಿಗಿದು, ಬಾಲದಲ್ಲಿ ಬಿದ್ದಿದ್ದ ಒಂದು ಹಗ್ಗವನ್ನು ಬಾಲ್ದಿಯ ಹಿಡಿಗೂ ಹಿಂದಿನ ಕೊಕ್ಕೆಗೂ ಕಟ್ಟಿ ಎಸೆದೆ. ಬಾಲ್ದಿ ನೀರು ತುಂಬಿಕೊಂಡು ಹಿಂದಕ್ಕೆ ಎಳೆಯಿತು. ಮುಂದಿನ ಅಲೆ ನಮ್ಮಡಿಯಿಂದ ಸುಮ್ಮನೆ ಹಾದುಹೋಯಿತು. ಬಾಲ ನಿಂತಲ್ಲೇ ಏರಿ ಇಳಿಯಿತು.

ದ್ವೀಪದ ಮರೆಗೆ ಬಂದು ನೀರು ಸಮವಾದ ಮೇಲೆ ವಿಲ್ಫ್ರೆಡ್ ನನ್ನನ್ನು ಪಕ್ಕಕ್ಕೆ ಎಳೆದುಕೊಂಡ. ನಡುವೆ ಎರಡು ರಬ್ಬರ್ ಉರುಳೆ ಇಳಿಬಿಟ್ಟು, ಹಿಂದೆ ಮುಂದೆ ಎರಡು ಕಡೆ ಕಟ್ಟಿದ. ಅಲ್ಲಿಂದ ಮುಂದೆ ಅಣ್ಣ ತಮ್ಮಂದಿರ ಹಾಗೆ ಭುಜ ತಾಗಿಸಿಕೊಂಡು ಹೋದೆವು. ಆಗ ಅವನು ಪಾತ್ರೆಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ.

“ಬಾವ, ಆರು ಆಯ್ತಲ್ಲ.”

ನಾನೂ ಆಗಲೇ ಗಮನಿಸಿದ್ದೆ.

“ಬೆಂಡೆಯನ್ನು ಕೂಡ ಅದಕ್ಕೇ ಹಾಕುವ. ಐದು ಆಗ್ತದೆ,” ಎಂದು ಅವನು ತಪ್ಪಲೆಗೆ ಕೈ ಹಾಕಿದ. ಒಂದು ತಪ್ಪನ್ನು ಮುಚ್ಚಲು ಇನ್ನೊಂದು ಮಾಡಿದವರನ್ನು ನಾನು ಮೂವತ್ತೊಂದು ವರ್ಷ ನೋಡಿದ್ದೇನೆ. ಬೆಂಡೆಯ ತಪ್ಪಲೆಯನ್ನು ಹಿಡಿದುಕೊಂಡೆ. ದ್ವೀಪದ ಜೆಟ್ಟಿ ಫೆರಿಗೆ ಮಾತ್ರವಾದ್ದರಿಂದ ನೇತ್ರಾವತಿಗೆ ದೂರದಲ್ಲೇ ಲಂಗರು ಹಾಕಿ, ಬಾಲದಲ್ಲಿ ದಡ ಮುಟ್ಟುವವರೆಗೆ ಬಿಡಲಿಲ್ಲ.

ದ್ವೀಪ

ಹಾಲ್‌ನಲ್ಲಿ ಎಲೆ ಹಾಕಿ ಆಗಿತ್ತು. ಲಿಲ್ಲಿ ಮುಚ್ಚಳಗಳನ್ನು ಒಂದೊಂದಾಗಿ ತೆಗೆದಳು. ಕುಂಬಳದ ಹತ್ತಿರ ನಿಂತು, ಸೌಟಿನಿಂದ ಸೌತೆಯ ಒಂದು ಹೋಳು ಎತ್ತಿ ನೋಡಿದಳು.

ಅವಳು ಕೇಳುವ ಮೊದಲೇ ನಾನು ಹೇಳಿದೆ. ಒಂದು ಹನಿಯೂ ಚೆಲ್ಲಿಲ್ಲ, ಎರಡು ಒಂದಾಗಿವೆ, ಸುರಿದವನು ನಾನು. ವಿಲ್ಫ್ರೆಡ್ ನನ್ನ ಪಕ್ಕದಲ್ಲಿ ನಿಂತು, ಚೆಲ್ಲಿದ್ರೆ ಅಂತ ಅಲ್ಲವಾ ಮಾತು ಇದ್ದದ್ದು, ಎಂದು ಮೆಲ್ಲಗೆ ಸೇರಿಸಿದ.

ಹದಿನಾಲ್ಕು ನರ್ಸುಗಳು ಸುತ್ತ ಸೇರಿ ಚರ್ಚೆ ನಡೆಸಿದರು. ಬೆರೆಸಿದ್ದು ಒಂದೋ ಎರಡೋ ಎಂದು ಎರಡು ಪಕ್ಷಗಳಾದವು. ಉಪ್ಪಿನಕಾಯಿಯನ್ನು ಲೆಕ್ಕಕ್ಕೆ ಹಿಡಿಯಬಹುದು ಎಂದು ಒಬ್ಬರೆಂದರು. ಎಲ್ಲರಿಗಿಂತ ಹಿರಿಯರಾದ ಸೆವ್ರಿನ್ ಬಾಯಿ ಕನ್ನಡಕ ಸರಿಮಾಡಿಕೊಂಡು ತೀರ್ಪು ಕೊಟ್ಟರು. “ಆರು ಬಡಿಸಿದ್ರೆ ಅದು ಹಬ್ಬದ ಊಟ ಅಲ್ಲ ಬಾಯೆ, ಮೆಸ್ಸಿನ ಊಟ.”

ಲಿಲ್ಲಿ ದ್ವೀಪದ ಅಂಗಡಿಯಿಂದ ಎರಡು ಕ್ಯಾಬೇಜು ತರಿಸಿ, ಗಂಡನ ಮುಂದೆ ಇಟ್ಟು, ಚೂರಿ ಕೊಟ್ಟಳು. ಏಳನೆಯದು ನೀನು ಮಾಡು ಎಂದಷ್ಟೇ ಹೇಳಿದಳು. ವಿಲ್ಫ್ರೆಡ್‌ಗೆ ಅದು ದೊಡ್ಡ ಸಮಾಧಾನದ ಶಿಕ್ಷೆ. ಅವನು ಉತ್ಸಾಹದಿಂದ ಕೊಚ್ಚತೊಡಗಿದ. ಹೋಳುಗಳು ಇಟ್ಟಿಗೆಯ ಗಾತ್ರಕ್ಕೆ ಬಿದ್ದವು. ಹದಿನಾಲ್ಕು ಮಂದಿ ಹಸಿದು ನಿಂತು ಸಲಹೆ ಕೊಟ್ಟರು. ಇಷ್ಟರಲ್ಲಿ ದೋಣಿ ಉಳಿಯಿತು ಎಂದು ನನಗೂ ಅನ್ನಿಸಿತು.

ಆಗ ಲಿಲ್ಲಿ ನನ್ನ ಕಡೆ ತಿರುಗಿದಳು. ಅಲ್ಲಿಯವರೆಗೆ ಅವಳು ಪಾತ್ರೆಗಳನ್ನೇ ನೋಡಿದ್ದಳು. ಈಗ ನನ್ನ ಪ್ಯಾಂಟು ನೋಡಿದಳು. ಸೊಂಟದವರೆಗೆ ಒದ್ದೆ. ಪಾದ ನೋಡಿದಳು. ಒಂದರಲ್ಲಿ ಚಪ್ಪಲಿ ಇಲ್ಲ.

“ಅಣ್ಣ, ಬಾಲ್ದಿ ಬಾಲದಲ್ಲಿ ಇತ್ತು ಅಲ್ಲವಾ?”

“ಹೌದು.”

“ಮತ್ತೆ ನೀನು ಎಲ್ಲಿ ಕೂತಿದ್ದಿ?”

ವಿಲ್ಫ್ರೆಡ್‌ನ ಚೂರಿ ನಿಂತಿತು. ಅವನು ನನ್ನನ್ನು ನೋಡಲಿಲ್ಲ, ಕ್ಯಾಬೇಜನ್ನು ನೋಡಿದ. ನಾನು ಸುಳ್ಳು ಹೇಳುವುದಿದ್ದರೆ ಆ ಕ್ಷಣದಲ್ಲಿ ಹೇಳಬೇಕಿತ್ತು. ಬಾಯಿ ತೆರೆದದ್ದೂ ಹೌದು.

“ಬಾಲದಲ್ಲೇ,” ಎಂದೆ.

“ಈಜಲಿಕ್ಕೆ ಬರ್ತದಾ ನಿನಗೆ?”

“ಬರುದಿಲ್ಲ. ನಿನಗೆ ಗೊತ್ತುಂಟು.”

ಪಾಯಸ ಕುದಿಯುವುದು ಕೇಳಿಸಿತು. ಲಿಲ್ಲಿ ಆಸ್ಪತ್ರೆಯಲ್ಲಿ ಎಷ್ಟೋ ಮಂದಿಯನ್ನು ನೋಡಿದವಳು, ಅವಳ ಮುಖದಲ್ಲಿ ಸುಲಭಕ್ಕೆ ಏನೂ ಕಾಣುವುದಿಲ್ಲ. ಅವಳು ಒಂದು ಟವೆಲ್ ತಂದು ನನ್ನ ಹೆಗಲಿಗೆ ಹಾಕಿ, ಎರಡು ತುದಿಗಳನ್ನು ಮಗುವಿಗೆ ಕಟ್ಟುವ ಹಾಗೆ ಕೊರಳ ಕೆಳಗೆ ಗಂಟು ಹಾಕಿದಳು. ಆಮೇಲೆ ಗಂಡನ ಹತ್ತಿರ ಹೋದಳು. ಅವನೇ ಮೊದಲು ಬಾಯಿಬಿಟ್ಟ. ದೋಣಿ ಮಾರುವ ಲಿಲ್ಲಿ, ನಾಳೆಯೇ ಬೋರ್ಡ್ ಹಾಕ್ತೇನೆ, ಎಂದ. ಅವನ ಕಣ್ಣಲ್ಲಿ ನೀರಿತ್ತು. ಈರುಳ್ಳಿ ಇನ್ನೂ ಮುಟ್ಟಿರಲಿಲ್ಲ ಎಂಬುದನ್ನು ದಾಖಲಿಸಬೇಕು.

“ದೋಣಿ ಎಂತ ಮಾಡಿದೆ ಪಾಪ,” ಎಂದಳು ಲಿಲ್ಲಿ. “ಅದು ಇರಲಿ. ಬಾಲ ಇಲ್ಲೇ ಬಿಟ್ಟು ಬರುವ. ಮಣ್ಣು ತುಂಬಿಸಿ ಹೂ ನೆಡ್ಲಿ ಇವರು.”

“ಬಾಲ ಇಲ್ಲದೆ ದಡಕ್ಕೆ ಬರುದು ಹೇಗೆ?”

“ಜೆಟ್ಟಿ ಇದ್ದಲ್ಲಿಗೆ ಹೋಗು. ಇಲ್ಲದಲ್ಲಿಗೆ ಹೋಗ್ಬೇಡ. ನಿನ್ನ ಹಿಂದೆ ಇನ್ನು ಯಾರೂ ಬರುದು ಬೇಡ ವಿಲ್ಲಿ.”

ಆಮೇಲೆ ತೆನೆಯ ಹಾಲು ಕುಡಿದೆವು, ಊಟ ಮಾಡಿದೆವು. ಕ್ಯಾಬೇಜು ಬೆಂದಿರಲಿಲ್ಲ. ಎಲ್ಲರೂ ಎರಡು ಸಲ ಕೇಳಿ ಹಾಕಿಸಿಕೊಂಡದ್ದು ಕುಂಬಳ-ಸೌತೆಯನ್ನು.

ಫೆರಿ

ಸಂಜೆಯ ಫೆರಿಯಲ್ಲಿ ಲಿಲ್ಲಿ ನನ್ನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ದ್ವೀಪದವನೊಬ್ಬ ತನ್ನ ದೋಣಿಯಲ್ಲಿ ವಿಲ್ಫ್ರೆಡ್‌ನನ್ನು ನೇತ್ರಾವತಿಗೆ ಹತ್ತಿಸಿ ಬಂದಿದ್ದ. ಅದು ನಮ್ಮಿಂದ ಸ್ವಲ್ಪ ಮುಂದೆ, ಅರ್ಧ ಹಾಯಿ ಬಿಚ್ಚಿ ಹೋಗುತ್ತಿತ್ತು. ಹಿಂದೆ ನೀರಿನಲ್ಲಿ ಒಂದನೆಯ ಅಲೆ ಎದ್ದಿತು, ಎರಡನೆಯದು ಎದ್ದಿತು. ಅದರ ಬೆನ್ನಿನ ಮೇಲೆ ಏನೂ ಇರಲಿಲ್ಲ.

ವಿಲ್ಫ್ರೆಡ್ ಚುಕ್ಕಾಣಿ ಹಿಡಿದವನು ಆಗಾಗ ತಿರುಗಿ ಹಿಂದೆ ನೋಡುತ್ತಿದ್ದ. ನೋಡಿ, ಮತ್ತೆ ಮುಂದೆ ತಿರುಗುತ್ತಿದ್ದ. ಸ್ವಲ್ಪ ಹೊತ್ತಿಗೆ ಮತ್ತೆ ನೋಡುತ್ತಿದ್ದ. ಪಾಪ, ಅಭ್ಯಾಸ ಎಂದೆ ನಾನು.

“ನೋಡ್ಲಿ,” ಎಂದಳು ಲಿಲ್ಲಿ. “ಹಾಗೇ ನೋಡ್ಲಿ.”

ಅವಳು ನನ್ನ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಇಳಿಯುವಾಗ ಫೆರಿಯವನ ಕಡೆಗೆ ನಾನು ಇನ್ನೊಂದು ಕೈ ಎತ್ತಿ ಥ್ಯಾಂಕ್ಸ್ ಹೇಳಬೇಕಾಯಿತು.